ಗೇರ್ ಆಯಿಲ್‌ಗೆ ನೀರು ಸೇರಿದರೆ: ಓದುಗರ ಪ್ರಶ್ನೆ, ತಿಳಿದವರ ಉತ್ತರ

ಪ್ರಶ್ನೆ: ನಮ್ಮದು ಹಳೆಯ 35 ಎಚ್‌ಪಿ ಮ್ಯಾಸಿ ಟ್ರ್ಯಾಕ್ಟರ್. ನಾಟಿಗೆ ಗದ್ದೆ ಕೆಸರು ಮಾಡಿ ಮುಗಿಸಿದ ಮೇಲೆ ಡಿಪ್ ಸ್ಟಿಕ್ ತೆಗೆದು ನೋಡಿದರೆ ಗೇರ್ ಆಯಿಲ್ ಹಾಲು ಹಾಕಿದ ಕಾಫಿಯ ಹಾಗಿದೆ. ಮಟ್ಟವೂ ಗುರುತಿಗಿಂತ ಮೇಲೇರಿದೆ. ಹೈಡ್ರಾಲಿಕ್ ಎತ್ತುವಾಗ ನಡುಗುತ್ತದೆ. ಆಯಿಲ್ ಕಾಸಿ ನೀರು ಹೋಗಿಸಿ ಮತ್ತೆ ಹಾಕಿ ಅನ್ನುತ್ತಾರೆ ಊರಿನವರು. 30 ಲೀಟರ್ ಹೊಸದು ಕೊಳ್ಳುವುದು ಸುಲಭವಲ್ಲ. ಏನು ಮಾಡಲಿ? (ತೀರ್ಥಹಳ್ಳಿ ತಾಲ್ಲೂಕು)

ಉತ್ತರ: ಕಾಸುವುದು ಬೇಡ. ತಳದ ನೀರು ಒಮ್ಮೆಲೇ ಆವಿಯಾದರೆ ಆಯಿಲ್ ನೊರೆಯೆದ್ದು ಉಕ್ಕಿ ಒಲೆಗೆ ಬೀಳುತ್ತದೆ, ಬೆಂಕಿ ಹತ್ತುತ್ತದೆ. ಹುಷಾರಾಗಿ ಕಾಸಿ ನೀರು ಹೋಗಿಸಿದರೂ ಗದ್ದೆಯಿಂದ ಬಂದ ಸಣ್ಣ ಮಣ್ಣು ಅದರಲ್ಲೇ ಉಳಿಯುತ್ತದೆ, ಬೇರಿಂಗ್ ತಿನ್ನುವುದು ಅದೇ.

ನಿಮ್ಮ ಗಾಡಿಯಲ್ಲಿ ಗೇರ್, ಡಿಫರೆನ್ಷಿಯಲ್, ಹೈಡ್ರಾಲಿಕ್ ಮೂರಕ್ಕೂ ಒಂದೇ ಆಯಿಲ್. ಹೈಡ್ರಾಲಿಕ್ ಪಂಪ್, ಗೇರ್‌ಗಳಿರುವ ದೊಡ್ಡ ಪೆಟ್ಟಿಗೆಯ (ಹೌಸಿಂಗ್) ಒಳಗೆ ಆಯಿಲ್‌ನಲ್ಲೇ ಮುಳುಗಿ ಕೂತಿದೆ. ನೀರು ಬೆರೆತ ನೊರೆ ಆಯಿಲನ್ನು ಅದು ಎಳೆಯುತ್ತಿರುವುದರಿಂದಲೇ ಲಿಫ್ಟ್ ನಡುಗುತ್ತಿದೆ. ಹೀಗೇ ದುಡಿಸಿದರೆ ಪಂಪ್ ಹೋಗುತ್ತದೆ.

ಮೊದಲು ನೀರು ಬಂದ ದಾರಿ ಹುಡುಕಿ. ಬಹಳ ಗಾಡಿಗಳಲ್ಲಿ ಅದು ಗೇರ್ ಲಿವರ್ ಬುಡದ ರಬ್ಬರ್ ಬೂಟ್. ಬೂಟ್ ಮೇಲೆತ್ತಿ ನೋಡಿ. ಲಿವರ್‌ನ ಗುಂಡಿನ ಸುತ್ತ ತುಕ್ಕಿನ ಉಂಗುರ, ಅದರ ಕೆಳಗೆ ಒದ್ದೆ ಮಣ್ಣು ಇದ್ದರೆ ಮಳೆ ನೀರು ಲಿವರ್ ಗುಂಟ ಇಳಿದಿದೆ ಎಂದೇ ಲೆಕ್ಕ. ಆಮೇಲೆ ಬ್ರೀದರ್, ಅಂದರೆ ಹೌಸಿಂಗ್‌ಗೆ ಗಾಳಿಯಾಡುವ ಸಣ್ಣ ಕಿಂಡಿ. ದುಡಿದು ಬಿಸಿಯಾದ ಹೌಸಿಂಗ್ ತಣ್ಣನೆ ಗದ್ದೆ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಕೆಸರಿನಿಂದ ಕಟ್ಟಿಕೊಂಡಿದ್ದರೆ ಆ ಎಳೆತ ಆಕ್ಸಲ್ ಸೀಲ್, ಪಿಟಿಒ (ಹಿಂದೆ ಜೋಡಿಸಿದ ಉಪಕರಣ ತಿರುಗಿಸುವ ಶಾಫ್ಟ್) ಸೀಲ್‌ಗಳ ಮೇಲೆ ಬಿದ್ದು ಹೊರಗಿನ ನೀರನ್ನು ಒಳಗೆ ಸೆಳೆಯುತ್ತದೆ. ಬೇಸಿಗೆಯಲ್ಲಿ ಆಯಿಲ್ ಜಿನುಗುತ್ತಿದ್ದ ಸೀಲ್ ಯಾವುದಿತ್ತು ನೆನಪಿಸಿಕೊಳ್ಳಿ, ಅನುಮಾನ ಅದರ ಮೇಲೇ ಇರಲಿ. ಸೀಲ್, ಬೂಟ್ ಹಾಕಿಸದೆ ಹೊಸ ಆಯಿಲ್ ಸುರಿದರೆ ದುಡ್ಡು ಗದ್ದೆಗೆ ಸುರಿದ ಹಾಗೆಯೇ.

ಖಾಲಿ ಮಾಡುವುದಕ್ಕೂ ಕ್ರಮ ಇದೆ. ಗಾಡಿಯನ್ನು ಮಟ್ಟಸದ ಜಾಗದಲ್ಲಿ ರಾತ್ರಿಯಿಡೀ ಅಲುಗಿಸದೆ ಬಿಡಿ. ಬೆಳಿಗ್ಗೆ ಡ್ರೈನ್ ಪ್ಲಗ್ ನಿಧಾನ ಸಡಿಲಿಸಿದರೆ ತಳಕ್ಕೆ ಇಳಿದ ಬಿಡಿ ನೀರು ಮೊದಲು ಬರುತ್ತದೆ. ಆಯಿಲ್ ಶುರುವಾದ ತಕ್ಷಣ ಮುಚ್ಚಿ. ಈಗ ಲೋಡ್ ಇಲ್ಲದೆ ಸ್ವಲ್ಪ ಹೊತ್ತು ಓಡಿಸಿ, ಬೆಚ್ಚಗಿರುವಾಗಲೇ ಉಳಿದದ್ದನ್ನು ಇಳಿಸಿ. ಪ್ಲಗ್ ಒಂದೇ ಎಂದುಕೊಳ್ಳಬೇಡಿ, ಹೌಸಿಂಗ್ ತಳದಲ್ಲಿ ಮುಂದೆ ಹಿಂದೆ ಹುಡುಕಿ ಎಲ್ಲವನ್ನೂ ಬಿಚ್ಚಿ. ಲಿಫ್ಟ್ ತೋಳುಗಳನ್ನು ಪೂರ್ತಿ ಇಳಿಸಿಡಿ, ಇಲ್ಲದಿದ್ದರೆ ಸಿಲಿಂಡರ್‌ನಲ್ಲಿರುವ ಆಯಿಲ್ ಅಲ್ಲೇ ಉಳಿಯುತ್ತದೆ. ಮುಂದಿನ ಚಕ್ರಕ್ಕೆ ಅಡ್ಡಗಲ್ಲು ಕೊಟ್ಟು, ಹಿಂದಿನ ಒಂದೊಂದೇ ಬದಿಯನ್ನು ಜ್ಯಾಕ್‌ನಿಂದ ಎತ್ತಿ, ಆಕ್ಸಲ್ ಕೆಳಗೆ ಗಟ್ಟಿ ಮರದ ದಿಮ್ಮಿ ಇಟ್ಟರೆ ಅಲ್ಲಿನ ಆಯಿಲೂ ನಡುವಿಗೆ ಹರಿಯುತ್ತದೆ. ಜ್ಯಾಕ್ ಒಂದನ್ನೇ ನಂಬಿ ಗಾಡಿಯಡಿ ನುಗ್ಗಬೇಡಿ.

ಪಕ್ಕದ ಕವರ್ ಬಿಚ್ಚಿ ಪಂಪ್‌ನ ಜಾಲರಿ ತೆಗೆದು ಡೀಸೆಲ್‌ನಲ್ಲಿ ತೊಳೆಯಿರಿ. ತಳದ ಬೂದು ಬಣ್ಣದ ರಾಡಿಯನ್ನು ಹಳೆಯ ಹತ್ತಿ ಪಂಚೆಯ ಬಟ್ಟೆಯಿಂದ ಒರೆಸಿ. ಕಾಟನ್ ವೇಸ್ಟ್ ಬೇಡ, ಅದರ ಎಳೆಗಳು ಜಾಲರಿಗೇ ಹೋಗಿ ಕೂರುತ್ತವೆ.

ಇಷ್ಟಾದರೂ ಗೋಡೆಗೆ, ಗೇರ್‌ಗಳಿಗೆ ಅಂಟಿ ಒಂದಷ್ಟು ಆಯಿಲ್ ಉಳಿದೇ ಉಳಿಯುತ್ತದೆ. 30 ಲೀಟರ್‌ನಲ್ಲಿ 3 ಲೀಟರ್ ಉಳಿಯಿತು, ಹಳೆಯ ಆಯಿಲ್‌ನಲ್ಲಿ ನೂರಕ್ಕೆ 10 ಪಾಲು ನೀರಿತ್ತು ಅನ್ನಿ. ಹೊಸ ಆಯಿಲ್ ತುಂಬಿದಾಗ ಅದರಲ್ಲಿ ನೂರಕ್ಕೆ 1 ಪಾಲು ನೀರು. ಅದು ಬೇರಿಂಗ್‌ಗೆ ಜಾಸ್ತಿಯೇ. ಇನ್ನೊಮ್ಮೆ ಬದಲಿಸಿದರೆ ಸಾವಿರಕ್ಕೆ 1 ಪಾಲಿಗೆ ಇಳಿಯುತ್ತದೆ. ಆದ್ದರಿಂದ ಮೊದಲ ಸಲ ತುಂಬುವುದು ತೊಳೆಯುವುದಕ್ಕೆ ಮಾತ್ರ. ಅಗ್ಗದ ಆದರೆ ಹೊಸ ಆಯಿಲ್‌ಗೆ ಹತ್ತರಲ್ಲಿ ಒಂದು ಪಾಲು ಡೀಸೆಲ್ ಬೆರೆಸಿ ಡಿಪ್ ಸ್ಟಿಕ್‌ನ ಕೆಳಗುರುತಿನ ತನಕ ಹಾಕಿ. ಪಿಟಿಒಗೆ ಜೋಡಿಸಿದ್ದೆಲ್ಲ ತೆಗೆದು, ಪಂಪ್ ತಿರುಗಲು ಪಿಟಿಒ ಲಿವರ್ ಹಾಕಿ, ಕಾಲು ಗಂಟೆ ಲೋಡ್ ಇಲ್ಲದೆ ಓಡಿಸಿ. ಲಿಫ್ಟನ್ನು ಹತ್ತಾರು ಸಲ ಎತ್ತಿ ಇಳಿಸಿ, ಬಿಸಿ ಇರುವಾಗಲೇ ಖಾಲಿ ಮಾಡಿ. ಬರೀ ಡೀಸೆಲ್ ಅಥವಾ ಸೀಮೆಎಣ್ಣೆ ತುಂಬಿ ಓಡಿಸುವವರಿದ್ದಾರೆ. ಪಂಪ್‌ಗೂ ಬೇರಿಂಗ್‌ಗೂ ಆಗ ಜಿಡ್ಡೇ ಇರುವುದಿಲ್ಲ, ಅದು ಬೇಡ. ಇಳಿಸಿದ್ದು ಇನ್ನೂ ಬೆಳ್ಳಗಿದ್ದರೆ ಇನ್ನೊಂದು ಸುತ್ತು ತೊಳೆಯಿರಿ.

ಕೊನೆಗೆ ಗಾಡಿಯ ಪುಸ್ತಕದಲ್ಲಿ ಹೇಳಿದ ಗ್ರೇಡ್ ತುಂಬಿ. ಗೇರ್‌ಗೂ ಹೈಡ್ರಾಲಿಕ್‌ಗೂ ಒಂದೇ ಆಯಿಲ್ ಇರುವಲ್ಲಿ ದಪ್ಪನೆಯ 140 ಗ್ರೇಡ್ ಆಯಿಲ್ ಹಾಕಬೇಡಿ, ಚಳಿಗಾಲದ ಬೆಳಿಗ್ಗೆ ಅದು ಜಾಲರಿ ದಾಟುವುದಿಲ್ಲ. ಡಬ್ಬದ ಮೇಲೆ ಜಿಎಲ್-5 ಎಂಬ ದರ್ಜೆ ಬರೆದಿರುವ ಗೇರ್ ಆಯಿಲ್‌ನ ಗಂಧಕದ ಅಂಶ ಕಂಚಿನ ಬುಷ್‌ಗಳಿಗೆ ಒಳ್ಳೆಯದಲ್ಲ. ಡ್ರೈನ್ ಪ್ಲಗ್‌ಗೆ ಹೊಸ ತಾಮ್ರದ ವಾಷರ್ ಇರಲಿ. ಐದು ನಿಮಿಷ ಓಡಿಸಿ ಮಟ್ಟ ಮತ್ತೆ ನೋಡಿ, ಸಿಲಿಂಡರ್ ತುಂಬಿಕೊಂಡು ಸ್ವಲ್ಪ ಇಳಿದಿರುತ್ತದೆ.

ಪ್ರಶ್ನೆ: ಪ್ಲಗ್ ಸಡಿಲಿಸಿದಾಗ ಸುಮಾರು ಅರ್ಧ ಲೀಟರ್ ತಿಳಿ ನೀರು ಬಂತು, ಆಮೇಲೆ ಬಂದ ಆಯಿಲ್ ಬಣ್ಣ ಸರಿಯಾಗಿಯೇ ಇದೆ. ಹೀಗೇ ಬಿಡಬಹುದೇ? (ಸಾಗರ)

ಉತ್ತರ: ಬಣ್ಣ ನೋಡಿ ತೀರ್ಮಾನಿಸಬೇಡಿ. ಮನೆಯಿಂದ ಹೊರಗೆ, ಹಳೆಯ ಕಬ್ಬಿಣದ ಸೌಟನ್ನು ನೀರು ಹನಿಸಿದರೆ ಚುರ್ ಅನ್ನುವಷ್ಟು ಬಿಸಿ ಮಾಡಿ, ಒಲೆಯಿಂದ ದೂರ ತಂದು ಎರಡು ಹನಿ ಆಯಿಲ್ ಬಿಡಿ. ಮುಖ ದೂರವಿರಲಿ. ಚಟಪಟ ಸಿಡಿದರೆ ನೀರು ಬೆರೆತಿದೆ, ಬದಲಿಸಿ. ಸುಮ್ಮನೆ ಹರಡಿ ಹೊಗೆಯಾಡಿದರೆ ಈ ಹಂಗಾಮಿಗೆ ಸಾಕು. ಹತ್ತು ಗಂಟೆ ಕೆಲಸದ ನಂತರ ಇನ್ನೊಮ್ಮೆ ಪರೀಕ್ಷಿಸಿ.

ಪ್ರಶ್ನೆ: ಟ್ರ್ಯಾಕ್ಟರ್‌ಗೆ ಮಳೆಗಾಲವಿಡೀ ಪ್ಲಾಸ್ಟಿಕ್ ಶೀಟು ಹೊದಿಸಿ ಕಟ್ಟಿಟ್ಟಿದ್ದೆವು. ಆದರೂ ಡಿಪ್ ಸ್ಟಿಕ್ ತುದಿಯಲ್ಲಿ ನೀರಿನ ಹನಿ! (ಹೊಸನಗರ)

ಉತ್ತರ: ಶೀಟಿನೊಳಗೆ ಗಾಳಿಯಾಡದೆ ಬೆವರಿದೆ. ಹೌಸಿಂಗ್ ಒಳಗೂ ಆಯಿಲ್ ಮಟ್ಟದ ಮೇಲಿನ ಖಾಲಿ ಜಾಗದಲ್ಲಿ ತೇವ ಹನಿಗಟ್ಟಿ ಇಳಿಯುತ್ತದೆ, ಅಲ್ಲಿ ಗೇರ್‌ಗಳಿಗೆ ತುಕ್ಕು ಹಿಡಿಯುತ್ತದೆ. ಸೂರಿನಡಿ ನಿಲ್ಲಿಸಿ, ಗೇರ್ ಲಿವರ್ ಬುಡ ಮತ್ತು ಸೈಲೆನ್ಸರ್ ಬಾಯಿ ಮಾತ್ರ ಮುಚ್ಚಿ. ಹದಿನೈದು ದಿನಕ್ಕೊಮ್ಮೆ ಗಾಡಿ ಬೆಚ್ಚಗಾಗುವಷ್ಟು ಓಡಿಸಿ, ಒಂದೆರಡು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವುದು ತೇವ ಹೆಚ್ಚಿಸುತ್ತದೆ ಅಷ್ಟೇ. ವಾಟರ್ ಸರ್ವಿಸ್ ಮಾಡಿಸುವಾಗ ಬ್ರೀದರ್, ಸೀಲ್‌ಗಳಿಗೆ ಪೈಪ್ ಹಿಡಿಯಲು ಬಿಡಬೇಡಿ.

ಪ್ರಶ್ನೆ: ತೆಗೆದ ಬಿಳಿ ಆಯಿಲನ್ನು ಬೇಲಿ ಕಂಬಗಳಿಗೆ ಬಳಿಯಬಹುದೇ? (ಸೊರಬ)

ಉತ್ತರ: ಬೇಡ, ಮಳೆಗೆ ತೊಳೆದು ತೋಟಕ್ಕೂ ಹಳ್ಳಕ್ಕೂ ಇಳಿಯುತ್ತದೆ. ಮುಚ್ಚಳದ ಕ್ಯಾನಿನಲ್ಲಿ ಶೇಖರಿಸಿ, ಹಳೆ ಆಯಿಲ್ ಕೊಳ್ಳುವವರಿಗೆ ನೀರು ಬೆರೆತಿದೆ ಎಂದು ಹೇಳಿಯೇ ಕೊಡಿ.