ಅಂಕ, ಬ್ಯಾಡ್ಜ್, ಅದೃಷ್ಟದ ಪೆಟ್ಟಿಗೆ: ಗೇಮ್ ಬಗ್ಗೆ ನಿಮ್ಮ ಪ್ರಶ್ನೆಗಳು

ವಿಡಿಯೊ ಗೇಮ್ ರೂಪಿಸುವವರು ಆಟಗಾರರನ್ನು ಹಿಡಿದಿಡಲು ಕಂಡುಕೊಂಡ ಉಪಾಯಗಳು ಈಗ ತರಗತಿಗೆ, ಕಚೇರಿಗೆ, ಫೋನಿನ ಹತ್ತಾರು ಆ್ಯಪ್‌ಗಳಿಗೆ ಬಂದಿವೆ. ಈ ಸಲದ ಪ್ರಶ್ನೆಗಳೆಲ್ಲ ಅದರ ಸುತ್ತಲೇ ಇವೆ. ಆ ಉಪಾಯಗಳು ಹೇಗೆ ಕೆಲಸ ಮಾಡುತ್ತವೆ ಎಂದು ಗೊತ್ತಾದರೆ ಯಾವುದನ್ನು ಬಳಸಬೇಕು, ಯಾವುದನ್ನು ಆಫ್ ಮಾಡಬೇಕು ಎಂಬುದನ್ನು ನೀವೇ ತೀರ್ಮಾನಿಸಬಹುದು.

ಪ್ರಶ್ನೆ: ಏಳನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಗೇಮ್‌ಗಳಲ್ಲಿರುವಂತೆ ಅಂಕ, ಬ್ಯಾಡ್ಜ್, ಗೋಡೆಯ ಮೇಲೆ ರ‍್ಯಾಂಕ್ ಪಟ್ಟಿ ಎಲ್ಲ ಶುರು ಮಾಡಿದೆ. ಎರಡು ವಾರ ಭಾರಿ ಉತ್ಸಾಹವಿತ್ತು. ತಿಂಗಳಾಗುವಷ್ಟರಲ್ಲಿ ನಾಲ್ಕೈದು ಮಕ್ಕಳನ್ನು ಬಿಟ್ಟರೆ ಯಾರೂ ಆ ಕಡೆ ನೋಡುವುದಿಲ್ಲ. ಎಲ್ಲಿ ತಪ್ಪಿದೆ?

ಉತ್ತರ: ಮೊದಲು ಆ ಪಟ್ಟಿಯನ್ನು ಗೋಡೆಯಿಂದ ಇಳಿಸಿ. ವಾರಕ್ಕೆ ಗರಿಷ್ಠ 50 ಅಂಕ ಎಂದಿಟ್ಟುಕೊಳ್ಳಿ. ನಾಲ್ಕನೇ ವಾರದ ಕೊನೆಗೆ ಮೊದಲ ಸ್ಥಾನದವಳ ಬಳಿ 190 ಅಂಕ, ಮೂವತ್ತನೇ ಸ್ಥಾನದವನ ಬಳಿ 60. ಇನ್ನು ಮುಂದೆ ಅವನು ಪ್ರತಿ ವಾರ ಪೂರ್ತಿ 50 ಗಳಿಸಿ, ಅವಳು 45 ಗಳಿಸುತ್ತ ಹೋದರೂ ಅವಳನ್ನು ಮುಟ್ಟಲು ಅವನಿಗೆ 26 ವಾರ ಬೇಕು. ಮಕ್ಕಳು ಈ ಲೆಕ್ಕವನ್ನು ಬಾಯಿಬಿಟ್ಟು ಹೇಳುವುದಿಲ್ಲ, ಸುಮ್ಮನೆ ಕೈಬಿಡುತ್ತಾರೆ. ಪಟ್ಟಿ ಬೇಕೇ ಬೇಕು ಎನ್ನುವುದಾದರೆ ಪ್ರತಿ ಸೋಮವಾರ ಸೊನ್ನೆಯಿಂದ ಆರಂಭಿಸಿ. ಅದಕ್ಕಿಂತ ಒಳ್ಳೆಯದು, ಪ್ರತಿ ಮಗುವಿಗೂ ಅದರ ಹಿಂದಿನ ವಾರದ ಅಂಕವನ್ನು ಮಾತ್ರ ಪಕ್ಕದಲ್ಲಿಟ್ಟು ತೋರಿಸುವುದು.

ಎರಡನೆಯದು ಬಹುಮಾನದ ವಿಷಯ. 1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮನಃಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬಿಡಿಸುವುದೆಂದರೆ ಮೊದಲೇ ಇಷ್ಟವಿದ್ದ ಶಿಶುವಿಹಾರದ ಮಕ್ಕಳನ್ನು ಆರಿಸಿಕೊಂಡು, ಕೆಲವರಿಗೆ ‘ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ’ ಎಂದು ಮುಂಚಿತವಾಗಿ ಹೇಳಿದರು. ಕೆಲವರಿಗೆ ಏನೂ ಹೇಳದೆ ಕೊನೆಯಲ್ಲಿ ಕೊಟ್ಟರು, ಉಳಿದವರಿಗೆ ಕೊಡಲೇ ಇಲ್ಲ. ಮುಂದೆ ಬಿಡುವಿನ ವೇಳೆಯಲ್ಲಿ ಗಮನಿಸಿದಾಗ, ಮೊದಲೇ ಆಸೆ ತೋರಿಸಲಾಗಿದ್ದ ಮಕ್ಕಳು ಉಳಿದವರಿಗಿಂತ ಹೆಚ್ಚುಕಡಿಮೆ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಅನಿರೀಕ್ಷಿತವಾಗಿ ಪ್ರಶಸ್ತಿ ಪಡೆದವರಲ್ಲಿ ಆಸಕ್ತಿ ಕುಗ್ಗಲಿಲ್ಲ. ಹಾಗಾಗಿ ಮಕ್ಕಳು ತಾವಾಗಿಯೇ ಇಷ್ಟಪಡುವ ಒಗಟು, ಜ್ಯಾಮಿತಿಯ ಚಿತ್ರ ಇಂಥವಕ್ಕೆ ಅಂಕ ಕಟ್ಟಬೇಡಿ. ಮಗ್ಗಿಯಂಥ ಬೇಸರದ ಅಭ್ಯಾಸಕ್ಕೆ ಕಟ್ಟಿದರೆ ಕಳೆದುಕೊಳ್ಳುವುದು ಕಡಿಮೆ.

ಇನ್ನು ಮುಖ್ಯವಾದದ್ದು. ಅಂಕ ಮತ್ತು ಬ್ಯಾಡ್ಜ್ ಗೇಮ್‌ನ ಹೊರಮೈ ಅಷ್ಟೇ. ಆಟಗಾರನನ್ನು ಹಿಡಿದಿಡುವುದು ಬೇರೆಯೇ: ತಪ್ಪು ಮಾಡಿದ ಕ್ಷಣವೇ ತಪ್ಪೆಂದು ತಿಳಿಯುತ್ತದೆ, ಸೋತರೆ ದಂಡವಿಲ್ಲ, ಮುಂದಿನ ಹಂತ ಕೈಗೆ ಎಟುಕುವಷ್ಟೇ ದೂರದಲ್ಲಿರುತ್ತದೆ. 1978ರ ಸ್ಪೇಸ್ ಇನ್ವೇಡರ್ಸ್ ಎಂಬ ಗೇಮ್‌ನಲ್ಲಿ ಶತ್ರುಗಳು ಕಡಿಮೆಯಾದಂತೆ ಉಳಿದವರ ವೇಗ ಏರುತ್ತಿತ್ತು. ಪರದೆಯ ಮೇಲೆ ಬಿಡಿಸಬೇಕಾದ ಆಕೃತಿಗಳು ಕಡಿಮೆಯಾಗಿ ಚಿಪ್‌ನ ಹೊರೆ ಇಳಿಯುತ್ತಿದ್ದುದೇ ಅದಕ್ಕೆ ಕಾರಣ. ಅದನ್ನು ರೂಪಿಸಿದ ಟೊಮೊಹಿರೊ ನಿಶಿಕಾಡೊ ಅದನ್ನು ಸರಿಪಡಿಸದೆ ಹಾಗೆಯೇ ಉಳಿಸಿಕೊಂಡರು. ಹಂತಹಂತವಾಗಿ ಏರುವ ಕಷ್ಟದ ರುಚಿ ಎಷ್ಟೋ ಜನರಿಗೆ ಹತ್ತಿದ್ದು ಅಲ್ಲಿಂದಲೇ.

ತರಗತಿಯಲ್ಲಿ ಹೀಗೆ ಮಾಡಿ. ಒಂದು ಅಧ್ಯಾಯವನ್ನು ಆರು ಹಂತಗಳಾಗಿ ಒಡೆಯಿರಿ. ಪ್ರತಿ ಹಂತಕ್ಕೆ ಐದು ಪ್ರಶ್ನೆಗಳ ಚೀಟಿ, ನಾಲ್ಕು ಸರಿಯಾದರೆ ಮುಂದಕ್ಕೆ. ಉತ್ತರದ ಹಾಳೆ ಮೇಜಿನ ಮೇಲೇ ಇರಲಿ, ಬರೆದು ಮುಗಿಸಿದ ತಕ್ಷಣ ಮಕ್ಕಳೇ ನೋಡಿಕೊಳ್ಳಲಿ. ನೋಟ್‌ಬುಕ್ ತಿದ್ದಿ ಐದು ದಿನದ ನಂತರ ಕೊಟ್ಟರೆ ಈ ಇಡೀ ವ್ಯವಸ್ಥೆ ಕುಸಿಯುತ್ತದೆ. ತಪ್ಪಿದವರಿಗೆ ಅದೇ ದಿನ ಬೇರೆ ಚೀಟಿ, ಅಂಕ ಕಡಿತ ಬೇಡ. ಪ್ರತಿ ಹಂತಕ್ಕೆ ಮೂರು ಬೇರೆ ಬೇರೆ ಚೀಟಿಗಳಾದರೂ ಇರಬೇಕು, ಅಂದರೆ ಅಧ್ಯಾಯಕ್ಕೆ 90 ಪ್ರಶ್ನೆ. ಒಂದೇ ಚೀಟಿ ಇದ್ದರೆ ಎರಡನೇ ಸಲಕ್ಕೆ ಉತ್ತರ ಬಾಯಿಪಾಠವಾಗಿರುತ್ತದೆ. ಆರನೇ ಹಂತದಲ್ಲಿ ಹಿಂದಿನ ಐದನ್ನೂ ಬೆರೆಸಿ ಕೇಳಿ, ಗೇಮ್‌ನ ಕೊನೆಯಲ್ಲಿ ಎದುರಾಗುವ ದೊಡ್ಡ ಶತ್ರುವಿನಂತೆ ಅದೇ ‘ಬಾಸ್’. ಬೇಗ ಮುಗಿಸಿದವರಿಗೆ ಹೊಸ ಚೀಟಿ ತಯಾರಿಸುವ ಕೆಲಸ ಕೊಡಿ. ‘ಒಪ್ಪಿಸಿದ್ದಕ್ಕೆ’ ಅಂಕ ಕೊಡಲೇಬೇಡಿ, ಏನೋ ಗೀಚಿ ಒಪ್ಪಿಸುತ್ತಾರೆ. ತಪ್ಪನ್ನು ತಿದ್ದಿ ಕಾರಣ ಬರೆದರೆ ಕೊಡಿ.

ಪ್ರಶ್ನೆ: ಹದಿಮೂರು ವರ್ಷದ ಮಗ ಗೇಮ್‌ನಲ್ಲಿ ‘ಲೂಟ್ ಬಾಕ್ಸ್’ (ಒಳಗೇನಿದೆ ಎಂದು ತೆರೆದ ಮೇಲಷ್ಟೇ ತಿಳಿಯುವ ಪೆಟ್ಟಿಗೆ) ಕೊಳ್ಳಲು ಹಣ ಕೇಳುತ್ತಾನೆ. ಅಪರೂಪದ ವಸ್ತು ಸಿಗುವ ಸಂಭವ ಶೇ 1 ಎಂದು ಅಲ್ಲೇ ಬರೆದಿದೆ. ‘ನೂರು ಸಲ ತೆರೆದರೆ ಸಿಕ್ಕೇ ಸಿಗುತ್ತೆ ಅಮ್ಮಾ’ ಅನ್ನುತ್ತಾನೆ. ಸರಿಯೇ?

ಉತ್ತರ: ಸರಿಯಲ್ಲ. ನೂರು ಸಲ ತೆರೆದರೂ ಒಂದೂ ಸಿಗದಿರುವ ಸಂಭವ 0.99ನ್ನು ಅದರಿಂದಲೇ ನೂರು ಸಲ ಗುಣಿಸಿದಷ್ಟು: ಸುಮಾರು ಶೇ 37. ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಬರಿಗೈಯಲ್ಲಿ ಉಳಿಯುತ್ತಾರೆ. ಶೇ 95ರಷ್ಟು ಭರವಸೆ ಬೇಕಾದರೆ ಸುಮಾರು 300 ಪೆಟ್ಟಿಗೆ, ಶೇ 99ಕ್ಕೆ 459.

ಮಾತಿಗಿಂತ ಚೀಟಿ ಎತ್ತಿಸಿದರೆ ಬೇಗ ಅರ್ಥವಾಗುತ್ತದೆ. ಡಬ್ಬಿಯಲ್ಲಿ 100 ಚೀಟಿ ಹಾಕಿ, ಒಂದಕ್ಕೆ ಗುರುತು ಮಾಡಿ. ಎತ್ತಿದ ಚೀಟಿಯನ್ನು ಪ್ರತಿ ಸಲವೂ ವಾಪಸ್ ಹಾಕಿ ಕಲಸಿ, ಮತ್ತೆ ಎತ್ತಲು ಹೇಳಿ. ಅವನ ಎಣಿಕೆ ತಪ್ಪುವುದು ಇಲ್ಲೇ. ಎತ್ತಿದ ಚೀಟಿ ಹೊರಗೇ ಉಳಿಯುತ್ತದೆ ಎಂದು ಅವನು ಭಾವಿಸಿದ್ದಾನೆ, ಲೂಟ್ ಬಾಕ್ಸ್‌ನಲ್ಲಿ ಅದು ಪ್ರತಿ ಸಲವೂ ಒಳಗೆ ಹೋಗುತ್ತದೆ. ಕೆಲವು ಗೇಮ್‌ಗಳಲ್ಲಿ ಇಂತಿಷ್ಟು ಸಲ ಸಿಗದಿದ್ದರೆ ಮುಂದಿನದರಲ್ಲಿ ಖಚಿತ ಎಂಬ ನಿಯಮವಿರುತ್ತದೆ. ಹಾಗಿದ್ದರೆ ಸೀಸನ್ ಮುಗಿದಾಗ ಆ ಎಣಿಕೆ ಮುಂದುವರಿಯುತ್ತದೆಯೋ ಸೊನ್ನೆಯಾಗುತ್ತದೆಯೋ ಎಂಬುದನ್ನು ನಿಯಮಗಳ ಪುಟದಲ್ಲಿ ಓದಿ.

ಗೇಮ್‌ನೊಳಗಿನ ನಾಣ್ಯದ ಮೇಲೂ ಕಣ್ಣಿಡಿ. ವಸ್ತುವಿನ ಬೆಲೆ 800 ನಾಣ್ಯ, ನಾಣ್ಯ ಮಾರುವುದು 500ರ ಕಟ್ಟಿನಲ್ಲಿ ಎಂದಿಟ್ಟುಕೊಳ್ಳಿ. ಎರಡು ಕಟ್ಟು ಕೊಂಡರೆ 200 ಉಳಿಯುತ್ತದೆ, ಆ ಉಳಿಕೆಯೇ ಮುಂದಿನ ಖರೀದಿಗೆ ಎಳೆಯುತ್ತದೆ. ಬೆಲೆಯನ್ನು ಯಾವಾಗಲೂ ನಿಜವಾದ ಹಣಕ್ಕೆ ಪರಿವರ್ತಿಸಿ, ಕಾಗದದ ಮೇಲೆ ಬರೆಯಿಸಿ.

ಮಗನ ಖಾತೆಯನ್ನು ಮಕ್ಕಳ ಖಾತೆಯಾಗಿ ನಿಮ್ಮ ಖಾತೆಗೆ ಜೋಡಿಸಿ. ‘ಪ್ರತಿ ಖರೀದಿಗೂ ಪಾಸ್‌ವರ್ಡ್’ ಆಯ್ಕೆ ಹಾಕಿ, ಒಮ್ಮೆ ಕೊಟ್ಟರೆ ಸ್ವಲ್ಪ ಹೊತ್ತು ಮತ್ತೆ ಕೇಳದ ಆಯ್ಕೆ ಬೇಡ. ಉಳಿಸಿಟ್ಟ ಕಾರ್ಡ್ ಅಳಿಸಿ, ತಿಂಗಳಿಗೊಂದು ಗಿಫ್ಟ್ ಕಾರ್ಡ್ ಸಾಕು. ಇದು ಅತಿಯಾದ ಎಚ್ಚರಿಕೆ ಅಲ್ಲವೇ ಅಲ್ಲ. ಫೋರ್ಟ್‌ನೈಟ್ ತಯಾರಿಸುವ ಎಪಿಕ್ ಗೇಮ್ಸ್ ಸಂಸ್ಥೆ 2022ರಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಜೊತೆಗಿನ ಇತ್ಯರ್ಥದಲ್ಲಿ ಒಟ್ಟು 52 ಕೋಟಿ ಡಾಲರ್ ಕೊಡಲು ಒಪ್ಪಿತು. ಅದರಲ್ಲಿ 24.5 ಕೋಟಿ, ಗೊಂದಲಗೊಳಿಸುವ ಬಟನ್‌ಗಳಿಂದ ಬೇಡದ ಖರೀದಿ ಆಗಿಹೋಗುತ್ತಿತ್ತು ಎಂಬ ಆರೋಪಕ್ಕೆ ಸಂಬಂಧಿಸಿ ಗ್ರಾಹಕರಿಗೆ ಮರಳಿಸಲು ಮೀಸಲಾದ ಹಣ. ಬೆಲ್ಜಿಯಂ 2018ರಲ್ಲೇ ಹಣ ಕೊಟ್ಟು ತೆರೆಯುವ ಲೂಟ್ ಬಾಕ್ಸ್‌ಗಳನ್ನು ಜೂಜೆಂದು ಪರಿಗಣಿಸಿತು.

ಪ್ರಶ್ನೆ: ಹೊಡೆದಾಟದ ಗೇಮ್ ಆಡಿದರೆ ಮಕ್ಕಳು ಒರಟಾಗುತ್ತಾರೆಯೇ?

ಉತ್ತರ: ಆ ಭಯಕ್ಕೆ ಗಟ್ಟಿ ಆಧಾರವಿಲ್ಲ. ಆ್ಯಂಡ್ರ್ಯೂ ಶಿಬಿಲ್ಸ್ಕಿ ಮತ್ತು ನೆಟ್ಟಾ ವೈನ್‌ಸ್ಟೈನ್ 2019ರಲ್ಲಿ ಪ್ರಕಟಿಸಿದ ಅಧ್ಯಯನವು 14–15 ವಯಸ್ಸಿನ ಸುಮಾರು ಸಾವಿರ ಬ್ರಿಟಿಷ್ ಮಕ್ಕಳನ್ನು ನೋಡಿತು. ಗೇಮ್‌ನಲ್ಲಿ ಹಿಂಸೆ ಎಷ್ಟಿದೆ ಎಂಬುದಕ್ಕೆ ಮಕ್ಕಳ ಮಾತನ್ನು ನೆಚ್ಚದೆ ಅಧಿಕೃತ ರೇಟಿಂಗ್ ಬಳಸಿತು, ವರ್ತನೆಯ ಬಗ್ಗೆ ಪೋಷಕರನ್ನು ಕೇಳಿತು. ಎರಡರ ನಡುವೆ ನಂಟು ಕಾಣಲಿಲ್ಲ. ನಾವು ಹೆಚ್ಚು ಚಿಂತಿಸುವುದು ವಾಯ್ಸ್ ಚಾಟ್ ಬಗ್ಗೆ. ಗೇಮ್‌ನ ಪ್ಯಾಕ್ ಮೇಲಿನ 7, 12, 16 ಎಂಬ ವಯಸ್ಸಿನ ಗುರುತು ಗೇಮ್‌ನ ವಸ್ತುವಿಗೆ ಮಾತ್ರ ಅನ್ವಯಿಸುತ್ತದೆ, ಅಪರಿಚಿತರು ಹೆಡ್‌ಫೋನಿನಲ್ಲಿ ಆಡುವ ಮಾತಿಗಲ್ಲ. ಚಾಟ್ ಅನ್ನು ‘ಸ್ನೇಹಿತರಿಗೆ ಮಾತ್ರ’ ಎಂದು ಇಡಿ.

ಪ್ರಶ್ನೆ: ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ‘ಗೇಮ್‌ಗಳಿಂದ ಸಮಾಜಕ್ಕೆ ಲಾಭವಾಗಿದೆ’ ಎಂಬುದರ ಪರ ಮಾತಾಡಬೇಕು. ಯಾವ ಉದಾಹರಣೆಗಳು ನಿಲ್ಲುತ್ತವೆ?

ಉತ್ತರ: ಎಲ್ಲಕ್ಕಿಂತ ಬಲವಾದದ್ದು ಗ್ರಾಫಿಕ್ಸ್ ಚಿಪ್. 1920 × 1080 ಪರದೆಯಲ್ಲಿ 20,73,600 ಪಿಕ್ಸೆಲ್‌ಗಳಿವೆ. ಸೆಕೆಂಡಿಗೆ 60 ಚಿತ್ರ ಎಂದರೆ ಸುಮಾರು 12.4 ಕೋಟಿ ಪಿಕ್ಸೆಲ್‌ಗಳ ಬಣ್ಣವನ್ನು ಸೆಕೆಂಡಿನೊಳಗೆ ನಿರ್ಧರಿಸಬೇಕು. ಪ್ರತಿ ಪಿಕ್ಸೆಲ್‌ಗೂ ಲೆಕ್ಕ ಚಿಕ್ಕದು, ಬಹುಪಾಲು ಒಂದೇ ಬಗೆಯದು. ಅದಕ್ಕಾಗಿ ನೂರಾರು ಸಣ್ಣ ಲೆಕ್ಕಗಾರ ಘಟಕಗಳು ಏಕಕಾಲಕ್ಕೆ ದುಡಿಯುವ ಚಿಪ್ ಬಂತು. ಕೃತಕ ಬುದ್ಧಿಮತ್ತೆಯ ನರಜಾಲಗಳ (ನ್ಯೂರಲ್ ನೆಟ್‌ವರ್ಕ್) ತರಬೇತಿಗೂ ಬೇಕಿದ್ದುದು ಇದೇ ಬಗೆಯ ಸಾಮೂಹಿಕ ಗುಣಾಕಾರ. 2012ರಲ್ಲಿ ಚಿತ್ರ ಗುರುತಿಸುವ ಸ್ಪರ್ಧೆ ಗೆದ್ದ ಅಲೆಕ್ಸ್‌ನೆಟ್ ಎಂಬ ನರಜಾಲ ತರಬೇತಿ ಪಡೆದದ್ದು ಗೇಮರ್‌ಗಳು ಕೊಳ್ಳುತ್ತಿದ್ದ ಜಿಟಿಎಕ್ಸ್ 580 ಕಾರ್ಡ್ ಎರಡರ ಮೇಲೆ. ಗೇಮರ್‌ಗಳ ಬೇಡಿಕೆಯೇ ಆ ಚಿಪ್‌ಗಳನ್ನು ಅಗ್ಗವಾಗಿಸಿತ್ತು ಎಂದು ಹೇಳಿ. ‘ಗೇಮ್‌ನಿಂದಲೇ ಕೃತಕ ಬುದ್ಧಿಮತ್ತೆ ಹುಟ್ಟಿತು’ ಎಂದು ಹೇಳಿದರೆ ಎದುರಾಳಿ ನಿಮ್ಮನ್ನು ಸುಲಭವಾಗಿ ಕೆಡವುತ್ತಾರೆ.

ಫೋಲ್ಡಿಟ್ ಕೂಡ ಒಳ್ಳೆಯ ಉದಾಹರಣೆ. ಪ್ರೋಟೀನ್‌ಗಳನ್ನು ಮಡಚುವ ಈ ಆಟದ ಆಟಗಾರರು, ಮಂಗಗಳಿಗೆ ತಗಲುವ ಒಂದು ವೈರಸ್‌ನ ಕಿಣ್ವದ ರಚನೆಯನ್ನು ಮೂರು ವಾರದೊಳಗೆ ಬಿಡಿಸಲು ನೆರವಾದರು. ಅದು ವಿಜ್ಞಾನಿಗಳಿಗೆ ದಶಕಕ್ಕೂ ಹೆಚ್ಚು ಕಾಲ ಒಲಿದಿರಲಿಲ್ಲ. ಫಲಿತಾಂಶ 2011ರಲ್ಲಿ ಪ್ರಕಟವಾಯಿತು. 2005ರ ಸೆಪ್ಟೆಂಬರ್‌ನಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಗೇಮ್‌ನಲ್ಲಿ ಒಂದೇ ವಲಯಕ್ಕೆ ಸೀಮಿತವಾಗಬೇಕಿದ್ದ ‘ಕರಪ್ಟೆಡ್ ಬ್ಲಡ್’ ರೋಗ, ಆಟಗಾರರ ಸಾಕುಪ್ರಾಣಿಗಳ ಮೂಲಕ ಊರುಗಳಿಗೆ ಹರಡಿತು. ಕೆಲವರು ಓಡಿಹೋದರು, ಕೆಲವರು ಆರೈಕೆಗೆ ನಿಂತರು, ಕೆಲವರು ಬೇಕೆಂದೇ ಹರಡಿದರು. ಸಾಂಕ್ರಾಮಿಕ ತಜ್ಞರು 2007ರಲ್ಲಿ ಇದನ್ನು ಮನುಷ್ಯವರ್ತನೆಯ ಮಾದರಿಯಾಗಿ ಚರ್ಚಿಸಿದರು.

ಕಚೇರಿಗಳಲ್ಲಿ ಸಂದೇಶ ಕಳಿಸಲು ಬಳಸುವ ಸ್ಲ್ಯಾಕ್ ಆ್ಯಪ್, ಗ್ಲಿಚ್ ಎಂಬ ಗೇಮ್ ಮಾಡುತ್ತಿದ್ದ ತಂಡ ತನ್ನೊಳಗಿನ ಮಾತುಕತೆಗೆ ಕಟ್ಟಿಕೊಂಡ ಸಾಧನದಿಂದ ಬೆಳೆದದ್ದು. ಗ್ಲಿಚ್ ಮುಚ್ಚಿತು, ಸಾಧನ ಉಳಿಯಿತು.

ಒಂದು ಉದಾಹರಣೆಯನ್ನು ಬಿಡಿ. ಗೇಮ್ ಆಡುವ ಶಸ್ತ್ರವೈದ್ಯರು ಶೇ 37ರಷ್ಟು ಕಡಿಮೆ ತಪ್ಪು ಮಾಡುತ್ತಾರೆ ಎಂಬ 2007ರ ಅಧ್ಯಯನ ಎಲ್ಲೆಡೆ ಓಡಾಡುತ್ತದೆ. ಅದರಲ್ಲಿದ್ದವರು 33 ವೈದ್ಯರು, ಅಳೆದದ್ದು ತರಬೇತಿಯ ಅಭ್ಯಾಸಗಳಲ್ಲಿ. ಗೇಮ್‌ನಿಂದ ಕೈ ಪಳಗಿತೋ, ಕೈ ಪಳಗಿದವರು ಗೇಮ್ ಆಡಿದರೋ ಎಂಬುದು ಅದರಿಂದ ತಿಳಿಯುವುದಿಲ್ಲ.

ಪ್ರಶ್ನೆ: ಭಾಷೆ ಕಲಿಯುವ ಆ್ಯಪ್‌ನಲ್ಲಿ 200 ದಿನಗಳ ‘ಸ್ಟ್ರೀಕ್’ (ಒಂದು ದಿನವೂ ತಪ್ಪದ ಸರಣಿ) ಇದೆ. ಜ್ವರ ಬಂದರೂ ಬಿಡಲು ಮನಸ್ಸಾಗುವುದಿಲ್ಲ. ಆದರೆ ಭಾಷೆ ಬರುತ್ತಿಲ್ಲ.

ಉತ್ತರ: ಆ ಸರಣಿ ಉಳಿಸಿಕೊಳ್ಳಲು ನೀವು ಅತಿ ಸುಲಭದ ಪಾಠವನ್ನೇ ಮತ್ತೆ ಮಾಡುತ್ತಿರಬಹುದು. ಗಳಿಸಿದ್ದನ್ನು ಕಳೆದುಕೊಳ್ಳುವ ಅಂಜಿಕೆ ಕಲಿಯುವ ಆಸೆಯನ್ನು ಹಿಂದಿಕ್ಕಿದೆ. ಆ್ಯಪ್ ನೆನಪಿಸುವ ನೋಟಿಫಿಕೇಶನ್‌ಗಳನ್ನು ಆಫ್ ಮಾಡಿ, ಒಂದು ದಿನ ಬೇಕೆಂದೇ ತಪ್ಪಿಸಿ. ನಂತರ ವಾರಕ್ಕೊಮ್ಮೆ ಆ್ಯಪ್ ಮುಚ್ಚಿಟ್ಟು ಆ ಭಾಷೆಯಲ್ಲಿ ಹತ್ತು ವಾಕ್ಯ ಬರೆಯಿರಿ. ಪ್ರಗತಿ ಅಳೆಯುವುದು ಅದರಲ್ಲಿ.

ಪ್ರಶ್ನೆ: ನನ್ನ ತಮ್ಮ ದಿನಕ್ಕೆ ನಾಲ್ಕು ಗಂಟೆ ಗೇಮ್ ಆಡುತ್ತಾನೆ. ಇದು ಚಟವೇ? ವೈಫೈ ಆಫ್ ಮಾಡಿದರೆ ಮನೆಯಲ್ಲಿ ರಣರಂಗ.

ಉತ್ತರ: ಗಂಟೆ ಎಣಿಸಿ ಚಟವೆಂದು ಹೇಳಲಾಗದು. 2022ರ ಜನವರಿಯಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಪ್ರಕಾರ ನೋಡಬೇಕಾದದ್ದು ಮೂರು: ಆಟದ ಮೇಲೆ ಹಿಡಿತ ತಪ್ಪಿದೆಯೇ, ಉಳಿದ ಆಸಕ್ತಿ ಮತ್ತು ದಿನಚರಿಗಿಂತ ಆಟವೇ ಮುಂದಾಗಿದೆಯೇ, ಹಾನಿಯಾಗುತ್ತಿದ್ದರೂ ಮುಂದುವರಿಯುತ್ತಿದೆಯೇ. ಬದುಕಿಗೆ ಗಂಭೀರ ಪೆಟ್ಟು ಬೀಳುವಷ್ಟು ಇದು ಸಾಮಾನ್ಯವಾಗಿ 12 ತಿಂಗಳಾದರೂ ಕಂಡುಬಂದಿರಬೇಕು. ಓದು, ನಿದ್ದೆ, ಗೆಳೆಯರು ಸರಿಯಿದ್ದರೆ ನಾಲ್ಕು ಗಂಟೆ ಹೆಚ್ಚಾಯಿತು ಎನ್ನಬಹುದು, ಕಾಯಿಲೆ ಎನ್ನಲಾಗದು.

ವೈಫೈ ಕಡಿಯಬೇಡಿ. ಆನ್‌ಲೈನ್ ಮ್ಯಾಚ್‌ಗೆ ಸಾಮಾನ್ಯವಾಗಿ ನಡುವೆ ನಿಲ್ಲಿಸುವ ವ್ಯವಸ್ಥೆ ಇರುವುದಿಲ್ಲ. ಅರ್ಧದಲ್ಲಿ ಎದ್ದರೆ ತಂಡ ಸೋಲುತ್ತದೆ, ಅನೇಕ ಗೇಮ್‌ಗಳು ಅವನ ಖಾತೆಗೆ ಶಿಕ್ಷೆಯನ್ನೂ ವಿಧಿಸುತ್ತವೆ. ಅವನ ಸಿಟ್ಟಿನಲ್ಲಿ ಒಂದು ಪಾಲು ಇದರದು. ಒಂದು ಮ್ಯಾಚ್‌ಗೆ ಎಷ್ಟು ಹೊತ್ತು ಎಂದು ಅವನನ್ನೇ ಕೇಳಿ, ಮಿತಿಯನ್ನು ಮ್ಯಾಚ್‌ಗಳಲ್ಲಿ ಗೊತ್ತುಮಾಡಿ. ಮೂವತ್ತು ನಿಮಿಷದ ಮ್ಯಾಚ್ ಆದರೆ ‘ಇವತ್ತು ಮೂರು’ ಎಂದು ಆರಂಭಕ್ಕೆ ಮುಂಚೆಯೇ ಒಪ್ಪಿಕೊಳ್ಳಿ. ಒಂಬತ್ತೂವರೆಗೆ ಮುಗಿಸಬೇಕಾದರೆ ಒಂಬತ್ತರ ನಂತರ ಹೊಸ ಮ್ಯಾಚ್ ಇಲ್ಲ. ಮಲಗುವ ಕೋಣೆಯಲ್ಲಿ ಫೋನ್ ಚಾರ್ಜ್ ಬೇಡ.

ಇಷ್ಟಾದರೂ ಶಾಲೆ ತಪ್ಪುತ್ತಿದ್ದರೆ, ಹಗಲುರಾತ್ರಿ ಅದಲುಬದಲಾಗಿದ್ದರೆ ಮನೋವೈದ್ಯರನ್ನು ಕಾಣಿ. ಹೋಗುವ ಮೊದಲು ಎರಡು ವಾರ ಬರೆದಿಡಿ: ಮಲಗಿದ ಮತ್ತು ಎದ್ದ ಹೊತ್ತು, ತಪ್ಪಿಸಿದ ತರಗತಿ, ಬಿಟ್ಟ ಊಟ, ಯಾವ ಗೇಮ್, ಆಟ ಶುರುವಾಗುವ ಮುಂಚೆ ಏನು ನಡೆದಿತ್ತು. ಕೊನೆಯದನ್ನು ಮರೆಯಬೇಡಿ. ಪರೀಕ್ಷೆಯ ಭಯವೋ, ಶಾಲೆಯಲ್ಲಿ ಯಾರದೋ ಕಿರುಕುಳವೋ ಇದ್ದರೆ ಅದು ಹೆಚ್ಚಾಗಿ ಆ ಸಾಲಿನಲ್ಲೇ ಕಾಣುತ್ತದೆ.