ಎರಡನೆಯ ಭಾಗಕ್ಕೆ ಸಂಗೀತ ಕೂಡದಿದ್ದಾಗ

ಒಮ್ಮೆ ಗೆದ್ದವರು ಎರಡನೆಯ ಸಲ ಅದೇ ಕೆಲಸದ ಮುಂದೆ ಕೈ ಕಟ್ಟಿಹಾಕಿದಂತೆ ಕೂರುವುದನ್ನು ಆಪ್ತಸಮಾಲೋಚಕಿಯಾದ ನಾನು ಪದೇ ಪದೇ ನೋಡುತ್ತಿದ್ದೇನೆ. ಹಾಗೆ ಬಂದವರಲ್ಲಿ ಒಬ್ಬರು ಹಾಸ್ಯಚಿತ್ರವೊಂದರ ಎರಡನೆಯ ಭಾಗಕ್ಕೆ ಹಾಡುಗಳನ್ನೂ ಹಿನ್ನೆಲೆ ಸಂಗೀತವನ್ನೂ ಮಾಡುತ್ತಿದ್ದ ಸಂಗೀತ ನಿರ್ದೇಶಕರು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಮೊದಲ ಭಾಗದ ಒಂದು ಹಾಡು ಆಟೋಗಳಲ್ಲಿ, ಮದುವೆ ಮನೆಗಳಲ್ಲಿ, ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಮೊಳಗಿತ್ತು. ಈಗ ನಿರ್ಮಾಪಕರು "ಅದೇ ಥರದ್ದು ಬೇಕು, ಆದರೆ ಹೊಸದಾಗಿರಬೇಕು" ಎಂದಿದ್ದರು. ಸಂಗೀತ ನಿರ್ದೇಶಕರು ಮಾಡಿದ 17 ಟ್ಯೂನ್‌ಗಳನ್ನು ಯಾರಿಗೂ ಕೇಳಿಸದೆ ತಾವೇ ಅಳಿಸಿದ್ದರು. ಮೂರು ವಾರಗಳಿಂದ ಸರಿಯಾದ ನಿದ್ದೆಯಿರಲಿಲ್ಲ.

ಮೂರನೆಯ ಭೇಟಿಗೆ ಅವರು ಲ್ಯಾಪ್‌ಟಾಪ್ ತಂದಿದ್ದರು. ಮಾವನ ಪಾತ್ರಧಾರಿ ಮುರಿದ ಕುರ್ಚಿಯ ಮೇಲೆ ಕೂತು ಬೀಳುವ ದೃಶ್ಯವದು. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ಘಟದ ಒಂದು ಪೆಟ್ಟನ್ನು ಎರಡು ಫ್ರೇಮ್ ಹಿಂದೆ, ಮೂರು ಫ್ರೇಮ್ ಮುಂದೆ ಸರಿಸುತ್ತಲೇ ಅವರು ರಾತ್ರಿ ಕಳೆದಿದ್ದರು. ತೋರಿಸಿದರು, ನನಗೆ ನಗು ಬರಲಿಲ್ಲ, ಅದು ಅವರಿಗೂ ಕಾಣಿಸಿತು. ಸಂಗೀತವಿಲ್ಲದೆ ಒಮ್ಮೆ ತೋರಿಸಿ ಎಂದೆ. ಬಿದ್ದವನು ಮೆಲ್ಲಗೆ ಕತ್ತು ಹೊರಳಿಸಿ, ಯಾರಾದರೂ ನೋಡಿದರೇ ಎಂದು ಬಾಗಿಲ ಕಡೆ ಕಣ್ಣು ಹಾಯಿಸಿದ. ನಾನು ಜೋರಾಗಿ ನಕ್ಕುಬಿಟ್ಟೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಅವನು ಬಿದ್ದಿದ್ದಕ್ಕಲ್ಲ ಮೇಡಂ, ಆಮೇಲೆ ತಿರುಗಿ ನೋಡಿದನಲ್ಲ, ಅದಕ್ಕೆ ನೀವು ನಕ್ಕಿದ್ದು. ಅಷ್ಟು ಜಾಗದ ಮೇಲೂ ನಾನು ವಾದ್ಯ ಸುರಿದಿದ್ದೀನಿ. ಮೊದಲನೇ ಸಿನಿಮಾದಲ್ಲಿ ಈ ಭಯ ಇರಲಿಲ್ಲ. ಆಗ ನನ್ನ ಹಾಡಿಗೆ ಯಾರೂ ಕಾಯ್ತಿರಲಿಲ್ಲ." ಹೇಳುತ್ತಾ ಹೇಳುತ್ತಾ ಕಣ್ಣು ತುಂಬಿಕೊಂಡರು.

ನಗಿಸಲೇಬೇಕೆಂಬ ಆತಂಕವೇ ನಗುವಿನ ಜಾಗವನ್ನು ತುಂಬಿಬಿಟ್ಟಿತ್ತು. ನಿದ್ದೆಯ ವಿಷಯಕ್ಕೆ ಮೊದಲ ಭೇಟಿಯಲ್ಲೇ ಮನೋವೈದ್ಯರ ಬಳಿ ಕಳಿಸಿದ್ದೆ. ಅದನ್ನು ಮಾತಿನಿಂದಷ್ಟೇ ಸರಿಪಡಿಸುತ್ತೇನೆಂದು ಕೂರುವುದು ತಪ್ಪು. (ತಕ್ಷಣ ಯಾರೂ ಸಿಗದವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಶುಲ್ಕವಿಲ್ಲ.) ಆದರೆ ಕೆಲಸದ ಬಗ್ಗೆಯೂ ಎರಡು ಮಾತು ಹೇಳಿದೆ. ಹೊಸ ಟ್ಯೂನ್ ಮಾಡಿದ ದಿನವೇ ಹಳೆಯ ಹಾಡಿನ ಪಕ್ಕದಲ್ಲಿಟ್ಟು ಅಳೆಯಬೇಡಿ, ಮೂರು ದಿನ ಅಳಿಸದೆ ಇಡಿ ಎಂಬುದು ಮೊದಲನೆಯದು. ಪದೇ ಪದೇ ಎದುರಾದದ್ದು ಬರಬರುತ್ತಾ ಹೆಚ್ಚು ಇಷ್ಟವಾಗುತ್ತದೆ ಎಂಬುದನ್ನು ಮನೋವಿಜ್ಞಾನಿ ರಾಬರ್ಟ್ ಝಾಯಾನ್ಸ್ (Zajonc) 1968ರಲ್ಲೇ ಪ್ರಯೋಗಗಳಿಂದ ತೋರಿಸಿದ್ದರು. ವರ್ಷಗಟ್ಟಲೆ ಕೇಳಿ ಪಳಗಿದ ಹಾಡಿನೆದುರು ಒಂದು ಗಂಟೆಯ ಕೂಸನ್ನು ನಿಲ್ಲಿಸುವುದು ನ್ಯಾಯವಲ್ಲ. "ಅದೇ ಥರ" ಎಂದರೆ ಏನೆಂದು ನಿರ್ಮಾಪಕರನ್ನೇ ಕೂರಿಸಿಕೊಂಡು ಕೇಳಿ ಎಂಬುದು ಎರಡನೆಯದು: ಗತಿಯೇ, ಗಾಯಕರ ದನಿಯೇ, ಸಾಹಿತ್ಯವೇ? ಅವರು ಕೇಳಿದರು. ಜನ ಕೋರಸ್ ಜೊತೆ ದನಿಗೂಡಿಸುವಂತಿದ್ದರೆ ಸಾಕು ಎಂಬ ಉತ್ತರ ಬಂತು. ಹಳೆಯ ಟ್ಯೂನಿನ ಮಾತೇ ಅಲ್ಲಿರಲಿಲ್ಲ.

ಸಂಗೀತ ಗೊತ್ತಿಲ್ಲದವರು ಸಂಗೀತದ ಕೆಲಸದಲ್ಲಿ ಸಲಹೆ ಕೊಟ್ಟಿದ್ದು ಸರಿಯೇ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಯಾವ ರಾಗ, ಯಾವ ತಾಳ ಎಂದು ನಾನು ಹೇಳಲಿಲ್ಲ. ಆದರೆ ಅರ್ಥ ಬಿಡಿಸದ ಒಂದು ಬೇಡಿಕೆಯೇ ಮನುಷ್ಯನನ್ನು ಹಣ್ಣುಮಾಡುತ್ತಿರುವಾಗ, ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಅದೇ ಬೇಡಿಕೆಯ ಮುಂದೆ ಮತ್ತೆ ಕೂರಿಸುವುದು ನನ್ನಿಂದಾಗದು. ಈ ಮಾತಿಗೆ ನಾನು ಇಂದಿಗೂ ಬದ್ಧಳು.

ಕೊನೆಯ ಭೇಟಿಯ ಹೊತ್ತಿಗೆ ಹಾಡು ಇನ್ನೂ ಅಂತಿಮವಾಗಿರಲಿಲ್ಲ, ಆದರೆ ಐದು ಟ್ಯೂನ್‌ಗಳು ಅಳಿಯದೆ ಉಳಿದಿದ್ದವು. ಕುರ್ಚಿಯ ದೃಶ್ಯವನ್ನು ಮತ್ತೆ ತೋರಿಸಿದರು. ಬೀಳುವಾಗ ಏನೂ ಇರಲಿಲ್ಲ; ಅವನು ಬಾಗಿಲಿನಿಂದ ಕಣ್ಣು ತೆಗೆದ ಮೇಲೆ ಘಟದ ಒಂದೇ ಒಂದು ಪೆಟ್ಟು. ಎಷ್ಟು ಫ್ರೇಮ್ ತಡವಾಗಿದೆ ಎಂದು ಕೇಳಿದೆ. ಈ ಸಲ ಎಣಿಸಿಲ್ಲ ಎಂದರು.