ಪ್ರತಿಕ್ರಿಯೆ: ನಾನು ಕಟ್ಟಿದ ಯೆಜ್ಡಿ ಎಂಜಿನ್ ಹುಡುಕೋದು ಹೇಗೆ?

ಹಿಂದೆ ಮಾರಿದ್ದ ನಿಮ್ಮ ಹಳೇ ಯೆಜ್ಡಿ ಬೈಕ್ ಮಂಡ್ಯದಲ್ಲಿ ಸಿಕ್ಕಿದೆ, ಆದರೆ ಅದರಲ್ಲಿರುವುದು ನೀವು ಕೈಯಾರೆ ಕಟ್ಟಿದ ಎಂಜಿನ್ ಅಲ್ಲ ಅಂತ ಬರೆದಿದ್ದೀರಿ. ಹಾಗಾದರೆ ಯಾರೋ ಆ ಎಂಜಿನ್ ಇಳಿಸಿ ಬೇರೆ ಗಾಡಿಗೆ ಕೂರಿಸಿರಬೇಕು. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತಲ್ವಾ, ಆಮೇಲೆ ಒಳ್ಳೆ ಎಂಜಿನ್ನನ್ನು ಯಾರೂ ಸುಮ್ನೆ ಗುಜರಿಗೆ ಹಾಕಲ್ಲ. ಎಲ್ಲೋ ಓಡುತ್ತಿರಬೇಕು, ಖಾತ್ರಿ ಹೇಳಲಾರೆ.

ಮೊದಲು ಹಳೇ ಆರ್‌ಸಿ ಅಥವಾ ಇನ್ಶೂರೆನ್ಸ್ ಜೆರಾಕ್ಸ್ ಹುಡುಕಿ, ಎಂಜಿನ್ ನಂಬರ್ ಬರೆದಿಟ್ಟುಕೊಳ್ಳಿ. ಆದರೆ ನಂಬರನ್ನೇ ಪೂರ್ತಿ ನಂಬಬೇಡಿ. ಉಜ್ಜಿ ಮತ್ತೆ ಪಂಚ್ ಹೊಡೆದದ್ದನ್ನು ನಾನೇ ನೋಡಿದ್ದೇನೆ. ನಿಮ್ಮ ಕೈಗುರುತೇ ಗಟ್ಟಿ ಸಾಕ್ಷಿ. ನಾನು ಕಟ್ಟಿದ್ದ ಎಂಜಿನ್‌ನಲ್ಲಿ ಎಕ್ಸಾಸ್ಟ್ ಪೋರ್ಟ್ (ಹೊಗೆ ಹೊರಹೋಗುವ ಕಿಂಡಿ) ಉಜ್ಜುವಾಗ ಅರ ಜಾರಿ, ಒಳಗೆ ಬಲಕ್ಕೆ ಅಕ್ಕಿಕಾಳಿನಷ್ಟು ಗೀರು ಬಿದ್ದಿತ್ತು. ಹನ್ನೊಂದು ವರ್ಷ ಆದ ಮೇಲೆ ಸೈಲೆನ್ಸರ್ ಬಿಚ್ಚಿ ಟಾರ್ಚ್ ಬಿಟ್ಟರೆ, ಮಸಿಯ ಅಡಿಯಲ್ಲಿ ಅದೇ ಗೀರು!

ಆಮೇಲೆ ಮಂಡ್ಯದ ಗಾಡಿಯ ಈಗಿನ ಮಾಲೀಕರಿಂದ ಹಿಂದಕ್ಕೆ ಹೋಗಿ. ಯಾರಿಂದ ತಗೊಂಡರು, ಮೆಕ್ಯಾನಿಕ್ ಯಾರು, ಬೋರ್ ಮಾಡಿಸಿದ್ದು (ಸವೆದ ಸಿಲಿಂಡರ್ ಒಳಗೆ ಕೊರೆಸಿದ್ದು) ಯಾವ ಲೇತ್ ಅಂಗಡಿಯಲ್ಲಿ. ಲೇತ್‌ನವರಿಗೆ ಇಂಥದ್ದು ಚೆನ್ನಾಗಿ ನೆನಪಿರುತ್ತೆ. ಜುಲೈ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನಕ್ಕೆ ಸವಾರರು ಸೇರುವ ಕಡೆ ನಂಬರ್, ಹಳೇ ಫೋಟೋ ತೋರಿಸಿ.

ಎಂಜಿನ್ ಸಿಕ್ಕರೆ 'ಅದು ನಂದು' ಅಂತ ಶುರು ಮಾಡಬೇಡಿ. ಮಾರಿದ ಮೇಲೆ ಹಕ್ಕು ಎಲ್ಲಿಯದು? ಬದಲಿಗೆ ಓಡುವ ಎಂಜಿನ್ ಕೊಟ್ಟು, ಮೇಲೆ ಸ್ವಲ್ಪ ದುಡ್ಡು ಅಂದರೆ ಒಪ್ಪಬಹುದು. ನಂಬರ್ ಸಮೇತ ರಸೀದಿ ಬರೆಸಿಕೊಂಡು, ಆರ್‌ಟಿಒದಲ್ಲಿ ಆರ್‌ಸಿಗೆ ಸೇರಿಸಿ.